ಜೀವಿತೋದ್ದೇಶವೂ ಕ್ರೈಸ್ತ ಶ್ರದ್ಧೆಯೂ: ಉತ್ತಂಗಿ ಚನ್ನಪ್ಪನವರ ಬಾಳು



ಕಡೂರಿನಲ್ಲಿ ಕಲ್ಲಿನ ಕಂಬದ ಮೇಲೆ ಕೊರೆದ ಒಂದು ಹಳೆಯ ಶಾಸನವುಂಟು. ಗಂಗರ ಅರಸು ಬೂತುಗನ ಅಕ್ಕ ಪಾಂಬಬ್ಬೆ ಎಂಬ ಮಹಿಳೆಯು ಅರಮನೆಯ ಸುಖವನ್ನು ತೊರೆದು, ತಲೆಗೂದಲನ್ನು ಕಿತ್ತು, ಜೈನ ಕಂತಿಯಾಗಿ ಮೂವತ್ತು ವರ್ಷ ತಪಸ್ಸನ್ನಾಚರಿಸಿ 971ರಲ್ಲಿ ದೇಹವನ್ನು ಬಿಟ್ಟಳೆಂದು ಆ ಶಾಸನವು ಹೇಳುತ್ತದೆ. ಅರಸನ ಒಡಹುಟ್ಟಿದವಳಿಗೆ ಉಣ್ಣಲು ಉಡಲು ಕೊರತೆಯೇನಿತ್ತು? ಯಾರೂ ಅವಳನ್ನು ಮನೆಯಿಂದ ಹೊರಗಟ್ಟಿದವರಲ್ಲ. ಇದ್ದುದೆಲ್ಲ ಇದ್ದೂ, ಇದು ಏತಕ್ಕೆ ಎಂಬ ಪ್ರಶ್ನೆಯೊಂದು ಅವಳನ್ನು ಬಿಡದೆ ಕಾಡಿತೆಂದು ತೋರುತ್ತದೆ. ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ನೂರೈವತ್ತು ವರ್ಷಗಳಿಗೂ ಹಿಂದೆಯೇ ಈ ಬಯಲುಸೀಮೆಯ ನೆಲದಲ್ಲಿ ಕೇಳಲ್ಪಟ್ಟ ಪ್ರಶ್ನೆಯಿದು. ಮನುಷ್ಯನು ಹುಟ್ಟಿ ಬಂದುದು ಯಾವ ಉದ್ದೇಶಕ್ಕಾಗಿ ಎಂಬುದನ್ನು ಅರಿಯಬೇಕೆಂಬ ಹಸಿವು ಒಂದು ಮತಕ್ಕೆ, ಒಂದು ಕುಲಕ್ಕೆ ಸೇರಿದುದಲ್ಲವೆಂಬುದಕ್ಕೆ ಕಡೂರಿನ ಈ ಕಲ್ಲಿಗಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಈ ಶಾಸನವನ್ನು ಓದಿ ಅಚ್ಚುಹಾಕಿಸಿ ಲೋಕಕ್ಕೆ ತಿಳಿಸಿದವರು ಯಾರು? ಬಿ. ಎಲ್. ರೈಸ್ ಅವರು. ಇವರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು; ಲಂಡನ್ ಮಿಶನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ಮಗ. ಆಗಿನ ಕಡೂರು ಜಿಲ್ಲೆಯ, ಎಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಅವರು 1901ರಲ್ಲಿ ಪ್ರಕಟಿಸಿದರು. ಜೈನ ಕಂತಿಯೊಬ್ಬಳ ತಪಸ್ಸಿನ ಕಥೆಯನ್ನು ಕ್ರೈಸ್ತ ಪಾದ್ರಿಯ ಮಗನೊಬ್ಬನು ಉದ್ಧರಿಸಿ ಕೊಡಬೇಕಾಯಿತು. ಅದನ್ನು ಇಂದು ವೀರಶೈವ ಮಠದ ಸಭೆಯೊಂದು ಕೇಳುತ್ತಿದೆ. ಕನ್ನಡನಾಡಿನ ಧರ್ಮಚರಿತ್ರೆಯಲ್ಲಿ ಇಂತಹ ಕೊಡುಕೊಳೆಯು ಎಷ್ಟು ನಡೆದಿದೆಯೆಂಬುದು ಬಹುಮಂದಿಗೆ ತಿಳಿಯದು. ಮಠದ ಉತ್ಸವದ ಈ ಸಂದರ್ಭದಲ್ಲಿ ಕ್ರೈಸ್ತ ಶ್ರದ್ಧೆಯ ಮಾತೇಕೆ ಎಂದು ಯಾರಾದರೂ ಹುಬ್ಬುಗಂಟಿಕ್ಕಿದರೆ, ಅವರು ಸ್ವಲ್ಪ ತಾಳ್ಮೆ ವಹಿಸಿ ಕೊನೆಯವರೆಗೆ ಕೇಳಬೇಕೆಂದು ಬೇಡಿಕೆ.

ತರೀಕೆರೆಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳನ್ನು ಕುರಿತ ನಾಲಗೆತೊಡಕಿನ ಮಾತನ್ನು ಆಡದ ಮಗುವು ಈ ಸೀಮೆಯಲ್ಲಿ ಇಲ್ಲ. ಆದರೆ ಆ ಕುರಿಮರಿಗಳು ಯಾರವು, ಸಂಜೆಗೆ ಅವನ್ನು ಹಟ್ಟಿಗೆ ಹೊಡೆದುಕೊಂಡು ಹೋದವರು ಯಾರು, ಅವುಗಳಲ್ಲೊಂದು ದಾರಿ ತಪ್ಪಿದರೆ ಹುಡುಕಿದವರು ಯಾರು ಎಂದು ಯಾವ ಮಗುವೂ ಕೇಳಿದುದಿಲ್ಲ. ಕ್ರಿಸ್ತನು ಹೇಳಿದ ಸಾಮತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದುದೊಂದು ಈ ಪ್ರಶ್ನೆಯಿಂದಲೇ ಹುಟ್ಟಿದಂತಿದೆ. ನೂರು ಕುರಿಗಳನ್ನುಳ್ಳ ಕುರುಬನು ಒಂದು ಕುರಿಯು ಕಾಣೆಯಾದಾಗ ತೊಂಬತ್ತೊಂಬತ್ತನ್ನು ಅಲ್ಲಿಯೇ ಬಿಟ್ಟು, ಕಳೆದುಹೋದುದನ್ನು ಅರಸುತ್ತ ಹೋಗಿ, ಸಿಕ್ಕಿದಾಗ ಹೆಗಲ ಮೇಲೆ ಹೊತ್ತು ತರುತ್ತಾನೆ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದು ಜಾಣತನವಲ್ಲ. ಕಡೂರಿನ ಕಡೆಯ ಕುರಿಗಾರನನ್ನು ಕೇಳಿದರೆ, ಉಳಿದ ತೊಂಬತ್ತೊಂಬತ್ತನ್ನು ತೋಳಕ್ಕೆ ಒಪ್ಪಿಸಿದಂತಾಯಿತಲ್ಲ ಎಂದು ಅವನು ನಕ್ಕಾನು! ಆದರೆ ಕ್ರೈಸ್ತ ಶ್ರದ್ಧೆಯ ತಿರುಳೇ ಈ ಲೆಕ್ಕ ತಪ್ಪುವ ಪ್ರೀತಿಯಲ್ಲಿದೆ. ಮನುಷ್ಯನು ದೇವರನ್ನು ಹುಡುಕುವುದಕ್ಕೆ ಮೊದಲೇ ದೇವರು ಮನುಷ್ಯನನ್ನು ಹುಡುಕಿಕೊಂಡು ಬಂದಿದ್ದಾನೆ. ಆದುದರಿಂದ ಯಾವ ಬಾಳೂ ಬೆಲೆಯಿಲ್ಲದ್ದಲ್ಲ. ಹಾಗೆ ಹುಡುಕಿ ಪಡೆಯಲ್ಪಟ್ಟವನು ತನ್ನ ಬಾಳನ್ನು ದೇವರ ಪ್ರೀತಿಗೂ ನೆರೆಯವನ ಸೇವೆಗೂ ಒಪ್ಪಿಸಬೇಕು. ಕ್ರೈಸ್ತನು ಜೀವಿತದ ಉದ್ದೇಶವೆಂದು ತಿಳಿಯುವುದು ಸ್ಥೂಲವಾಗಿ ಇಷ್ಟೇ.

ಇದನ್ನು ಕೇಳಿದ ಕೂಡಲೇ, ಇದು ನಮ್ಮ ದಾಸೋಹವೇ ಅಲ್ಲವೇ, ನಮ್ಮ ಕಾಯಕವೇ ಅಲ್ಲವೇ ಎಂದು ಹೇಳಬಯಸುವವರು ಸಭೆಯಲ್ಲಿ ಇದ್ದಾರು. ಸಾಮ್ಯವಿರುವುದು ನಿಜ. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಲೂಥರನು, ಸನ್ಯಾಸಿಯ ಜಪವೊಂದೇ ದೇವರ ಸೇವೆಯಲ್ಲ, ಚಮ್ಮಾರನ ಮತ್ತು ಮನೆಗೆಲಸದವಳ ದುಡಿಮೆಯೂ ದೇವರ ಕರೆಯೇ ಎಂದು ಬೋಧಿಸಿದನು. ಅದಕ್ಕೆ ನಾಲ್ಕು ಶತಮಾನಗಳಷ್ಟು ಹಿಂದೆಯೇ ಕಲ್ಯಾಣದಲ್ಲಿ ಮಾದಾರರೂ ಮಡಿವಾಳರೂ ಅಂಬಿಗರೂ ತಂತಮ್ಮ ಕಾಯಕದಲ್ಲಿಯೇ ಕೈಲಾಸವನ್ನು ಕಂಡಿದ್ದರು. ಇಷ್ಟಾದರೂ ಎರಡನ್ನೂ ಒಂದೇ ಎಂದು ಬೆರಸಿಬಿಡುವುದು ಸರಿಯಲ್ಲ. ಅದು ಎರಡಕ್ಕೂ ಮಾಡುವ ಅಪಚಾರ. ಶರಣನ ಗುರಿಯು ಲಿಂಗಾಂಗ ಸಾಮರಸ್ಯ. ಅಂಗವು ಲಿಂಗದಲ್ಲಿ ಬೆರೆತು ಎರಡೆಂಬುದು ಅಳಿಯಬೇಕು. ಕ್ರೈಸ್ತನಿಗಾದರೋ ಸೃಷ್ಟಿಯಾದವನು ಎಂದಿಗೂ ಸೃಷ್ಟಿಕರ್ತನಾಗಲಾರನು. ಅವನು ಸಾಮೀಪ್ಯವನ್ನು ಬಯಸುವನೇ ಹೊರತು ಐಕ್ಯವನ್ನಲ್ಲ. ಶರಣನು ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯಿಡುವಲ್ಲಿ, ಕ್ರೈಸ್ತನು ಶಿಲುಬೆಯ ಮೇಲೆ ಸತ್ತ ಒಬ್ಬ ಮನುಷ್ಯನ ಕಡೆಗೆ ಕಣ್ಣೆತ್ತುತ್ತಾನೆ. ಈ ಭೇದವನ್ನು ಮರೆಮಾಚಿ ಆಡುವ ಸಮನ್ವಯದ ಮಾತು ಸಭೆಯಲ್ಲಿ ಚಪ್ಪಾಳೆಯನ್ನು ತರಬಹುದು, ಬಾಳಿಗೆ ಆಧಾರವಾಗದು.

ಈಗ ಕನ್ನಡನಾಡಿನ ಚರಿತ್ರೆಯ ಕಡೆಗೆ ಬರಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ನೆಲೆನಿಂತರು. ಘಟ್ಟದ ಮೇಲಿನ ಆ ಸೀಮೆಯಲ್ಲಿ ಇವರ ಮಾತನ್ನು ಕೇಳಿದವರಲ್ಲಿ ಲಿಂಗವಂತರು ಅನೇಕರಿದ್ದರು. ಕಾಲಜ್ಞಾನದ ವಚನಗಳನ್ನು ನಂಬಿ, ಪಶ್ಚಿಮದಿಂದ ಗುರುವೊಬ್ಬನು ಬರುವನೆಂದು ಕಾದಿದ್ದ ಗುಂಪೊಂದು ಈ ಬಿಳಿಯ ಪಾದ್ರಿಗಳನ್ನು ಕಂಡು, ಬರಬೇಕಾದವರು ಇವರೇ ಇರಬಹುದೇ ಎಂದು ಕುತೂಹಲದಿಂದ ಸುತ್ತುವರಿಯಿತು. ಪಾದ್ರಿಗಳು ಹಿಗ್ಗಿ, ಗದಗಿನ ಹತ್ತಿರ ಮಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಒಕ್ಕಲುತನದ ಊರೊಂದನ್ನೇ ಕಟ್ಟಲು ಹೊರಟರು. ಊರು ಕಟ್ಟುವ ಏರ್ಪಾಡಾಯಿತು. ಬರಬೇಕಾದ ಜನರು ಬರಲಿಲ್ಲ. ಮಾತು ಕೇಳುವುದು ಬೇರೆ, ಕೊರಳಿನ ಕರಡಿಗೆಯನ್ನು ತೆಗೆದಿಡುವುದು ಬೇರೆ ಎಂಬುದು ಪಾದ್ರಿಗಳಿಗೆ ಆಗ ಮನವರಿಕೆಯಾಗಿರಬೇಕು.

ತೆಗೆದಿಟ್ಟವರೂ ಇದ್ದರು. ಅವರಿಗೆ ಏನಾಯಿತೆಂಬುದನ್ನು ಸ್ವಲ್ಪ ಯೋಚಿಸಿರಿ. ಮತಾಂತರ ಹೊಂದಿದವನಿಗೆ ಆ ದಿನದಿಂದ ಮನೆಯ ಬಾಗಿಲು ಮುಚ್ಚಿತು. ಹಿರಿಯರ ಹೊಲದ ಪಾಲು ತಪ್ಪಿತು. ಊರ ಬಾವಿಯ ನೀರು, ಮದುವೆಯ ಪಂಕ್ತಿ, ಸತ್ತಾಗ ಹೆಗಲು ಕೊಡುವ ನಾಲ್ವರು, ಎಲ್ಲವೂ ಇಲ್ಲವಾದವು. ಹೆತ್ತ ತಾಯಿಯು ಬದುಕಿದ್ದ ಮಗನನ್ನು ಸತ್ತನೆಂದು ಎಣಿಸಿ ಅತ್ತಳು. ಬಿಟ್ಟು ಹೋದವನ ಸಂಕಟವನ್ನು ಮಿಶನ್ನಿನ ಬರಹಗಳು ಹೇಳುತ್ತವೆ. ಮನೆಯಲ್ಲಿಯೇ ಉಳಿದ ಆ ತಾಯಿಯ ಸಂಕಟವನ್ನು ಬರೆದಿಟ್ಟವರು ವಿರಳ. ಎರಡೂ ಸಂಕಟವೇ. ಬದುಕಿನ ಗುರಿಯನ್ನು ಕಂಡುಕೊಂಡೆನೆಂದು ಒಬ್ಬನು ಹೊರಟಾಗ, ಅವನನ್ನೇ ಗುರಿಯಾಗಿ ನೆಚ್ಚಿದ್ದವರು ಹಿಂದೆ ಉಳಿಯುತ್ತಾರೆ. ಮನೆಯನ್ನು ಬಿಟ್ಟು ಹೊರಟ ಅಕ್ಕಮಹಾದೇವಿಯನ್ನು ಪೂಜಿಸುವ ಜನಕ್ಕೆ ಇದು ತಿಳಿಯದ ಸಂಗತಿಯಲ್ಲ. ಆದರೂ ಅಕ್ಕನಿಗೆ ಸಲ್ಲಿಸಿದ ಗೌರವವನ್ನು ತಮ್ಮ ಮನೆಯಿಂದಲೇ ಹೊರಟವನಿಗೆ ಸಲ್ಲಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಜೀವನೋಪಾಯವಿಲ್ಲದೆ ನಿಂತ ಇಂತಹ ಜನಕ್ಕಾಗಿಯೇ ಮಿಶನ್ನಿನವರು ಕೈಗಾರಿಕೆಗಳನ್ನು ತೆರೆದರು. ನೇಯ್ಗೆಯ ಶಾಲೆಯು ಮಂಗಳೂರಿನಲ್ಲಿ 1851ರಲ್ಲಿ ಆರಂಭವಾಯಿತು. 1865ರಲ್ಲಿ ಅಲ್ಲಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯು ಹುಟ್ಟಿತು. ತರೀಕೆರೆಯ ಹಳೆಯ ಮನೆಗಳ ಮಾಡಿನಲ್ಲಾಗಲಿ, ಮಲೆನಾಡಿನ ಅಂಚಿನ ತೋಟದ ಮನೆಗಳಲ್ಲಾಗಲಿ ಹೊದಿಸಿರುವ ಮಂಗಳೂರು ಹೆಂಚನ್ನು ನೋಡದವರು ಯಾರು? ಮನೆಯಿಂದ ಹೊರಬಿದ್ದವರಿಗಾಗಿ ಶುರುವಾದ ಕಸುಬು ನಾಡಿನ ಮನೆಗಳಿಗೆಲ್ಲ ಮಾಡಾಯಿತು.

ಅದೇ ಮಿಶನ್ನಿನ ಮೋಗ್ಲಿಂಗ್ ಪಾದ್ರಿಗಳು 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. 1848ರಿಂದ ಮುಂದೆ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆ ಮಾಲೆಯಲ್ಲಿ ಬಸವಪುರಾಣವೂ ಚನ್ನಬಸವಪುರಾಣವೂ ಸೇರಿದ್ದವು. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಇವರ ಉದ್ದೇಶವೇನಿತ್ತೆಂಬುದನ್ನು ಅಡಗಿಸಬೇಕಾದುದಿಲ್ಲ: ಈ ಜನರನ್ನು ತಮ್ಮ ಮತಕ್ಕೆ ತರಬೇಕಾದರೆ ಇವರ ಮಾತನ್ನೂ ಇವರ ಪುರಾಣವನ್ನೂ ಬಲ್ಲವರಾಗಬೇಕೆಂಬುದೇ ಉದ್ದೇಶ. ಆದರೆ ಕೆಲಸವು ಉದ್ದೇಶವನ್ನು ಮೀರಿ ಬೆಳೆಯಿತು. ಪುರಾಣದ ತಾಳೆಗರಿಯ ಕಟ್ಟಿಗೆ ದಸರೆಯಲ್ಲಿ ಹೂವೇರಿಸಿ ಕೈಮುಗಿಯುತ್ತಿದ್ದವರು ಅದನ್ನು ಬಿಚ್ಚಿ ಓದದೆ ಇದ್ದ ಕಾಲದಲ್ಲಿ, ಅನ್ಯಮತದವನು ಬಂದು ಅದನ್ನು ಬಿಚ್ಚಿ ಓದಿದನೆಂಬುದು ವೀರಶೈವರು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ. ಮನೆಯ ಮಗನು ಮನೆ ಬಿಟ್ಟುದೇಕೆ ಎಂದು ಕೇಳುವಾಗ ಈ ಮಾತನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಮೇಲೆ ಹೇಳಿದುದೆಲ್ಲವೂ ಒಬ್ಬ ವ್ಯಕ್ತಿಯ ಬಾಳಿನಲ್ಲಿ ಬಂದು ಕೂಡಿತು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಹಡಗಲಿ ಸೀಮೆಯ ಉತ್ತಂಗಿಯು ಇವರ ಹಿರಿಯರ ಊರು, ಹಿರಿಯರು ಲಿಂಗವಂತರು, ಕ್ರೈಸ್ತಮತವನ್ನು ಸ್ವೀಕರಿಸಿ ಊರನ್ನು ಬಿಟ್ಟವರು. ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆಯ ಹೆಸರು ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳನ್ನು ಸ್ವಲ್ಪ ನಿಂತು ಕೇಳಬೇಕು. ಯೆಹೂದ್ಯರ ಪ್ರವಾದಿಯ ಹೆಸರಿಗೆ ಕನ್ನಡದ ಅಪ್ಪನು ಅಂಟಿಕೊಂಡಿದ್ದಾನೆ. ಭಕ್ತಿಗೆ ಅವ್ವನು ಸೇರಿದ್ದಾಳೆ. ಮಗನಿಗಾದರೋ ಯಾವ ಪರದೇಶದ ಹೆಸರೂ ಇಲ್ಲ, ಶುದ್ಧವಾದ ಚನ್ನಪ್ಪ. ಮತವು ಬದಲಾದರೂ ಮನೆಯ ಮಾತು ಬದಲಾಗಿರಲಿಲ್ಲ.

ಮಿಶನ್ನಿನ ಶಾಲೆಗಳಲ್ಲಿ ಓದಿ, ಮಂಗಳೂರಿನಲ್ಲಿ ದೇವಜ್ಞಾನವನ್ನು ಕಲಿತು, ಚನ್ನಪ್ಪನವರು ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬೋಧಕರಾಗಿ ಉತ್ತರ ಕರ್ನಾಟಕದಲ್ಲಿ ದುಡಿದರು. ಬೋಧಕನ ಕೆಲಸವೆಂದರೆ ಹಳ್ಳಿಯಿಂದ ಹಳ್ಳಿಗೆ ತಿರುಗಿ ಕ್ರಿಸ್ತನ ವಿಷಯವನ್ನು ಹೇಳುವುದು. ಹೇಳಲು ಹೋದ ಇವರು ಕೇಳಲೂ ಕಲಿತರು. ಚಾವಡಿಯ ಕಟ್ಟೆಯ ಮೇಲೆ, ಸಂತೆಯಲ್ಲಿ, ಕಣದಲ್ಲಿ, ಒಕ್ಕಲಿಗನೂ ಕುಂಬಾರನೂ ಮಾತಿಗೊಮ್ಮೆ ಸರ್ವಜ್ಞನ ತ್ರಿಪದಿಯನ್ನು ಎತ್ತಿ ಆಡುತ್ತಿದ್ದರು. ಓದು ಬರಹ ಬಾರದವನ ನಾಲಗೆಯಲ್ಲಿಯೂ ಆ ಮೂರು ಸಾಲುಗಳು ಕುಳಿತಿದ್ದವು. ಕುಂಬಾರ ಮಾಳಿಯ ಮಗನೆಂದು ಪ್ರತೀತಿಯಿರುವ, ಮನೆಯನ್ನು ಬಿಟ್ಟು ತಿರಿದುಂಡು ತಿರುಗಿದ ಆ ಕವಿಯ ನುಡಿಗಳನ್ನು ಅದುವರೆಗೆ ಶಾಸ್ತ್ರೀಯವಾಗಿ ಕೂಡಿಸಿ ಪರಿಷ್ಕರಿಸಿದವರು ಇರಲಿಲ್ಲವೆಂದೇ ಹೇಳಬೇಕು. ಚನ್ನಪ್ಪನವರು ಆ ಕೆಲಸಕ್ಕೆ ನಿಂತರು. ತಾಳೆಗರಿಗಳನ್ನು ಬೇಡಿ ತಂದರು. ಬಾಯಿಪಾಠ ಬಂದವರ ಮುಂದೆ ಕುಳಿತು ಬರೆದುಕೊಂಡರು. ಒಂದೇ ವಚನದ ಹಲವು ಪಾಠಗಳನ್ನು ಹೋಲಿಸಿ ನೋಡಿದರು. ವರ್ಷಗಟ್ಟಲೆ ಪಟ್ಟ ಶ್ರಮದ ಫಲವಾಗಿ ಸಾವಿರಕ್ಕೂ ಮೇಲ್ಪಟ್ಟ ವಚನಗಳ ಸಂಗ್ರಹವು 1924ರಲ್ಲಿ ಬೆಳಕಿಗೆ ಬಂದಿತು. ಅದರ ಹಿಂದಿನ ವರ್ಷ, 1923ರಲ್ಲಿ, ಫ. ಗು. ಹಳಕಟ್ಟಿಯವರು ತಮ್ಮ ವಚನಶಾಸ್ತ್ರಸಾರವನ್ನು ಪ್ರಕಟಿಸಿದ್ದರು. ಹಳಕಟ್ಟಿಯವರೂ ಧಾರವಾಡದಲ್ಲಿ, 1880ರಲ್ಲಿ, ಹುಟ್ಟಿದವರೇ. ಒಂದೇ ಊರಿನಲ್ಲಿ ಒಂದೆರಡು ವರ್ಷಗಳ ಅಂತರದಲ್ಲಿ ಹುಟ್ಟಿದ ಇಬ್ಬರು, ಒಬ್ಬರು ಲಿಂಗವನ್ನು ಧರಿಸಿ, ಇನ್ನೊಬ್ಬರು ಶಿಲುಬೆಯನ್ನು ನಂಬಿ, ಬೆನ್ನುಬೆನ್ನಿಗೆ ಕನ್ನಡದ ನುಡಿಭಂಡಾರಗಳೆರಡನ್ನು ತೆರೆದುಕೊಟ್ಟರು. ಸರ್ವಜ್ಞನಂತೆಯೇ ಮನೆಮನೆಗೆ ಹೋಗಿ ಕನ್ನಡಕ್ಕಾಗಿ ತಿರಿದವರೆಂದು ಜನರು ಚನ್ನಪ್ಪನವರನ್ನು ತಿರುಳ್ಗನ್ನಡದ ತಿರುಕನೆಂದು ಕರೆದರು. ಬಿರುದುಗಳು ಅಗ್ಗವಾಗಿರುವ ನಾಡಿನಲ್ಲಿ ಇದೊಂದು ಬಿರುದಾದರೂ ಅಳತೆಗೆ ಸರಿಯಾಗಿ ಹೊಲಿದ ಅಂಗಿಯಂತಿದೆ.

ಪಾದ್ರಿಯಾದವನು ಸಂಬಳ ತೆಗೆದುಕೊಳ್ಳುವುದು ಸುವಾರ್ತೆಯನ್ನು ಸಾರುವುದಕ್ಕೆ. ಸರ್ವಜ್ಞನ ಪದಗಳನ್ನು ಆಯುವುದಕ್ಕಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದಕ್ಕೆ ಉತ್ತರವೇನು? ಕ್ರಿಸ್ತನು ತಾನು ಹಿಂದಿನ ಧರ್ಮಶಾಸ್ತ್ರವನ್ನು ಅಳಿಸಲು ಬಂದವನಲ್ಲ, ಅದನ್ನು ಪೂರ್ಣಗೊಳಿಸಲು ಬಂದವನೆಂದು ಹೇಳಿಕೊಂಡನಷ್ಟೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಮಾತನ್ನು ಹಿಂದೂ ಧರ್ಮಕ್ಕೂ ಅನ್ವಯಿಸಿ ಹೇಳಿದ ಕ್ರೈಸ್ತ ಪಂಡಿತರಿದ್ದರು. ಫರ್ಕ್ಯುಹರ್ ಅವರ ಪ್ರಸಿದ್ಧ ಗ್ರಂಥವು ಹೊರಬಂದುದು 1913ರಲ್ಲಿ. ಈ ವಾದದಲ್ಲಿ, ಇತರ ಧರ್ಮಗಳೆಲ್ಲ ಮೆಟ್ಟಿಲು, ತಮ್ಮದು ಮಾತ್ರ ಮೇಲಂತಸ್ತು ಎಂಬ ಒಂದು ಬಿಂಕವುಂಟು. ಅದು ಶರಣರ ಮಕ್ಕಳಿಗೆ ಒಪ್ಪಿಗೆಯಾಗಬೇಕಾದುದಿಲ್ಲ. ಚನ್ನಪ್ಪನವರಾದರೋ ವಾದವನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ ಕೆಲಸವನ್ನು ಮಾಡಿದರು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಗ್ರಂಥವನ್ನೂ ಅವರು ಬರೆದರು. ಹೆಸರನ್ನು ಗಮನಿಸಿರಿ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆಯನ್ನು ಕಳುಹಿಸುತ್ತಿಲ್ಲ, ಸವಾಲನ್ನು ಹಾಕುತ್ತಿಲ್ಲ, ವಿನಂತಿಯನ್ನು ಮಾಡಿಕೊಳ್ಳುತ್ತಿದೆ. ಹತ್ತೊಂಬತ್ತನೆಯ ಶತಮಾನದ ಖಂಡನಗ್ರಂಥಗಳ ಬಿರುನುಡಿಯನ್ನು ಬಲ್ಲವರಿಗೆ, ಎರಡು ಪಕ್ಷದವರೂ ಆಡಿದ ಬಿರುನುಡಿಯದು, ಈ ಒಂದು ಪದದ ಬೆಲೆಯು ತಿಳಿದೀತು.

ಆದರೆ ಶರಣರ ಪರಂಪರೆಗೆ ಚನ್ನಪ್ಪನವರು ಸಲ್ಲಿಸಿದ ಅತಿಶಯವಾದ ಸೇವೆಯು ಇನ್ನೊಂದುಂಟು. ಅನುಭವಮಂಟಪವೆಂಬುದು ನಿಜವಾಗಿ ಇತ್ತೇ, ಅಥವಾ ಹಿಂದಿನವರನ್ನು ಹೊಗಳುವುದಕ್ಕಾಗಿ ಮುಂದಿನವರು ಕಲ್ಪಿಸಿದ ಕಥೆಯೇ ಎಂದು ವಿದ್ವಾಂಸರಲ್ಲಿ ಸಂಶಯವೆದ್ದಿತು. ಅಲ್ಲಮಪ್ರಭುವು ಶೂನ್ಯಸಿಂಹಾಸನದಲ್ಲಿ ಕುಳಿತು, ಬಸವಣ್ಣ ಚನ್ನಬಸವಣ್ಣರೂ ಅಕ್ಕಮಹಾದೇವಿಯೂ ಸೊನ್ನಲಿಗೆಯ ಸಿದ್ಧರಾಮನೂ ಸುತ್ತ ಕೂಡಿ ಅನುಭಾವವನ್ನು ಚರ್ಚಿಸಿದ ಆ ಸಭೆಯೇ ಸುಳ್ಳಾದರೆ ವೀರಶೈವದ ಎದೆಯೇ ಒಡೆದಂತಲ್ಲವೇ? ಈ ಸಂಶಯಕ್ಕೆ ಸಮಾಧಾನ ಹೇಳಲು ಮುಂದೆ ಬಂದವರಲ್ಲಿ ಚನ್ನಪ್ಪನವರು ಪ್ರಮುಖರು. ಅನುಭವಮಂಟಪದ ಐತಿಹಾಸಿಕತೆಯೆಂಬ ಗ್ರಂಥವನ್ನೇ ಅವರು ಬರೆದರು. ಕಲ್ಲುಕಂಬದ ಮಂಟಪವೊಂದು ಇತ್ತೇ ಎಂಬುದು ಇಂದಿಗೂ ಚರ್ಚೆಯಲ್ಲಿದೆ. ಶಾಸನದ ಆಧಾರವನ್ನೇ ಬೇಡುವವರು ಇಂದಿಗೂ ಇದ್ದಾರೆ. ಅವರ ಬೇಡಿಕೆಯು ಅನ್ಯಾಯವಾದುದೆಂದು ಹೇಳಲಾಗದು. ಅದೇನೇ ಇರಲಿ, ಲಿಂಗವನ್ನು ಧರಿಸದವರೊಬ್ಬರು ಲಿಂಗವಂತರ ಮೂಲಸಭೆಯ ಪಕ್ಷವನ್ನು ವಹಿಸಿ ಮಾತನಾಡಿದರು. ಅದರಿಂದ ಅವರಿಗೆ ಮತದ ಲಾಭವೇನೂ ಇರಲಿಲ್ಲ. ತನ್ನ ಹಿರಿಯರು ಬಿಟ್ಟು ಬಂದ ಮನೆಯು ಸುಳ್ಳೆಂದು ಸಾಧಿಸುವುದು ಮತಾಂತರ ಹೊಂದಿದವರ ವಂಶಸ್ಥನಿಗೆ ಎಷ್ಟು ಸುಲಭವಾಗಿತ್ತು! ಹಾಗೆ ಸಾಧಿಸಿದ್ದರೆ ಹಿರಿಯರ ನಿರ್ಧಾರಕ್ಕೆ ಸಮರ್ಥನೆಯೂ ದೊರೆಯುತ್ತಿತ್ತು. ಚನ್ನಪ್ಪನವರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ.

ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, ಸಿದ್ಧರಾಮನ ಸಾಹಿತ್ಯ, ಆದಯ್ಯನ ವಚನಗಳು, ಇವುಗಳ ಸಂಪಾದನೆಯಲ್ಲಿಯೂ ಅವರು ತೊಡಗಿದರು. ಇವುಗಳಲ್ಲಿ ಕೆಲವಕ್ಕೆ ಸಂ. ಶಿ. ಭೂಸನೂರಮಠರು ಜೊತೆಯಾದರು. ಮಾರಯ್ಯನ ಕಥೆಯು ಸಭೆಯ ಹಿರಿಯರಿಗೆಲ್ಲ ಗೊತ್ತು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಜಂಗಮದಾಸೋಹ ಮಾಡುತ್ತಿದ್ದವನಿಗೆ, ಕಡೆಯಲ್ಲಿ, ಇನ್ನು ಇಲ್ಲಿರಲಾರೆ, ಐಕ್ಯವಾಗಬೇಕು ಎಂಬ ಆತುರ ಹುಟ್ಟಿತಂತೆ. ಆಗ ಹೆಂಡತಿಯಾದ ಮಹಾದೇವಿಯು, ಇಲ್ಲಿ ಇಲ್ಲದುದು ಇನ್ನೆಲ್ಲಿ ಇರುತ್ತದೆಂದು ಅವನಿಗೆ ತಿಳಿವಳಿಕೆ ಹೇಳಿದಳೆಂದು ಸಂಪ್ರದಾಯ. ಬಾಳಿನ ಗುರಿಯು ಬಾಳಿನ ಆಚೆಗೆ ಇದೆಯೇ, ಬಾಳಿನೊಳಗೇ ಇದೆಯೇ ಎಂಬ ಪ್ರಶ್ನೆಗೆ ಕಟ್ಟಿಗೆ ಮಾರುವವನ ಗುಡಿಸಲಿನಲ್ಲಿ ಗಂಡಹೆಂಡಿರ ನಡುವೆ ನಡೆದ ಈ ಸಂವಾದಕ್ಕಿಂತ ತಿಳಿಯಾದ ವಿವರಣೆಯು ಸಿಕ್ಕುವುದು ಕಷ್ಟ. ಇದನ್ನು ತಿದ್ದಿ ತೀಡಿ ಓದುಗರ ಕೈಗೆ ಕೊಡುವುದರಲ್ಲಿ ಪಾದ್ರಿಯೊಬ್ಬರು ತಮ್ಮ ಮುಪ್ಪಿನ ದಿನಗಳನ್ನು ಕಳೆದರು.

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕೂಡಿತು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿಹೋದುದು 1948ರ ಸೆಪ್ಟೆಂಬರಿನಲ್ಲಿ. ಆ ಸೀಮೆಯ ಕನ್ನಡಿಗರು ಕಷ್ಟದ ದಿನಗಳನ್ನು ದಾಟಿ ಆಗ ತಾನೇ ಉಸಿರೆಳೆದುಕೊಳ್ಳುತ್ತಿದ್ದರು. ಶರಣಬಸವೇಶ್ವರರ ಊರಾದ ಕಲಬುರಗಿಯಲ್ಲಿ, ಕಲ್ಯಾಣಕ್ಕೆ ಅಷ್ಟೇನೂ ದೂರವಲ್ಲದ ಆ ನೆಲದಲ್ಲಿ, ನಾಡಿನ ಸಾಹಿತ್ಯಸಭೆಗೆ ಅಧ್ಯಕ್ಷರಾಗಿ ಕುಳಿತವರು ಉತ್ತಂಗಿ ಚನ್ನಪ್ಪನವರು. ಊರನ್ನು ಬಿಟ್ಟು ಹೋಗಬೇಕಾದವರ ಮನೆತನದ ಒಬ್ಬರನ್ನು ನಾಡು ಹೀಗೆ ಮರಳಿ ಎದುರುಗೊಂಡಿತು. ಅವರು ಮರಳಿ ಬಂದುದು ಮತವನ್ನು ಬದಲಿಸಿಕೊಂಡಲ್ಲ. ಇದ್ದ ಮತದಲ್ಲಿಯೇ ಇದ್ದುಕೊಂಡು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಚನ್ನಪ್ಪನವರು ಹೊರಗೆ ಕ್ರೈಸ್ತರು, ಒಳಗೆ ಶರಣರು ಎಂದು ಪ್ರೀತಿಯಿಂದ ಹೇಳುವವರುಂಟು. ಕೇಳಲು ಇಂಪಾದ ಮಾತು. ಮಠಗಳ ಸಭೆಗಳಲ್ಲಿ ಇದಕ್ಕೆ ತಲೆದೂಗುವವರು ಬಹುಮಂದಿ. ಆದರೆ ಇದರಲ್ಲಿ ಆ ಮಹನೀಯರಿಗೆ ಅನ್ಯಾಯವೇ ಆಗುತ್ತದೆ. ಯಾವ ಶ್ರದ್ಧೆಯ ಬಲದಿಂದ ಅವರು ಊರೂರು ತಿರುಗಿದರೋ, ಯಾವ ಕರೆಯನ್ನು ಕೇಳಿ ಬೋಧಕರಾದರೋ, ಅದನ್ನು ಹೊರಗಿನ ಅಂಗಿಯೆಂದು ಕಳಚಿಹಾಕಲು ಯಾರಿಗೆ ಅಧಿಕಾರವಿದೆ? ಇನ್ನೊಬ್ಬನಲ್ಲಿ ಒಳ್ಳೆಯದನ್ನು ಕಂಡೊಡನೆ ಇವನು ನಮ್ಮವನೇ ಎಂದುಬಿಡುವುದು ಉದಾರಬುದ್ಧಿಯಂತೆ ತೋರಿದರೂ, ಅನ್ಯನಾಗಿಯೇ ಒಳ್ಳೆಯವನಾಗಿರಲು ಅವನಿಗೆ ಅವಕಾಶ ಕೊಡದ ಒಂದು ಬಗೆಯ ಜಿಪುಣತನವೂ ಅದರಲ್ಲಿದೆ. ಇದೇ ತಪ್ಪನ್ನು ಮಿಶನ್ನಿನವರೂ ಮಾಡಿದುದುಂಟು: ಶರಣರ ಏಕದೇವನಿಷ್ಠೆಯನ್ನು ಕಂಡವರು, ಕ್ರೈಸ್ತರ ಪ್ರಭಾವವೇನಾದರೂ ಕಲ್ಯಾಣಕ್ಕೆ ತಲುಪಿತ್ತೇ ಎಂದು ಊಹಿಸಿದರು. ಬೇರೆಯವರ ಬಾವಿಯಲ್ಲಿ ಸಿಹಿನೀರು ಸಿಕ್ಕರೆ ಅದು ತಮ್ಮ ಕೆರೆಯ ಬಸಿನೀರೇ ಇರಬೇಕೆಂಬ ಈ ಎಣಿಕೆ ಯಾರದಾದರೂ ಸೊಗಸಲ್ಲ. ಕೆರೆಗಳ ಊರಾದ ತರೀಕೆರೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚನ್ನಪ್ಪನವರು ಕ್ರೈಸ್ತರಾಗಿಯೇ ಬಾಳಿದರು. ಕ್ರೈಸ್ತರಾಗಿಯೇ 1962ರ ಆಗಸ್ಟ್ 28ರಂದು ಕಣ್ಣುಮುಚ್ಚಿದರು. ಆ ಶ್ರದ್ಧೆಯಲ್ಲಿ ಅವರಿಗೆ ದೊರೆತ ಬಾಳಿನ ಗುರಿಯು ಅವರನ್ನು ಹಿರಿಯರ ಮನೆಯ ಬಾಗಿಲಿಗೆ ಕರೆತಂದಿತು, ಕಿತ್ತುಕೊಳ್ಳುವುದಕ್ಕಲ್ಲ, ಕಾಯುವುದಕ್ಕೆ.

ಬೀರೂರಿನ ಜಂಕ್ಷನ್ನಿನಲ್ಲಿಯೂ ಅಜ್ಜಂಪುರದ ಸ್ಟೇಷನ್ನಿನಲ್ಲಿಯೂ ರೈಲು ಹತ್ತಿ ಬೆಂಗಳೂರಿಗೆ ಹೋಗುವ ತರುಣರನ್ನು ಈ ಸೀಮೆಯ ತಾಯಿತಂದೆಗಳು ದಿನವೂ ಕಳುಹಿಸಿಕೊಡುತ್ತಿದ್ದಾರೆ. ಹೋದವರಿಗೆ ಸಂಬಳ ಸಿಕ್ಕುತ್ತದೆ, ಮನೆಯಾಗುತ್ತದೆ, ವಾಹನವಾಗುತ್ತದೆ. ಆಮೇಲೆ ಒಂದು ದಿನ, ಪಾಂಬಬ್ಬೆಗೆ ಎದ್ದ ಪ್ರಶ್ನೆಯು ಅವರಿಗೂ ಏಳುತ್ತದೆ. ಅವರಲ್ಲಿ ಒಬ್ಬನು ಹಬ್ಬಕ್ಕೆ ಊರಿಗೆ ಬಂದಾಗ, ತಾನು ಇಗರ್ಜಿಯ ಪ್ರಾರ್ಥನೆಗೆ ಹೋಗುತ್ತಿರುವೆನೆಂದೋ, ಕ್ರಿಸ್ತನಲ್ಲಿ ನೆಮ್ಮದಿ ಕಂಡೆನೆಂದೋ ಹೇಳಿಯಾನು. ಆಗ ಮನೆಯ ಹಿರಿಯರು ಏನು ಮಾಡಬೇಕು? ಉತ್ತಂಗಿಯಲ್ಲಿ ಆ ಕಾಲದವರು ಮಾಡಿದಂತೆ ಬಾಗಿಲು ಮುಚ್ಚಬೇಕೇ? ಅಥವಾ ನಕ್ಕು ಹಾರಿಸಬೇಕೇ? ಇವೆರಡೂ ಅಲ್ಲದ ಮೂರನೆಯದೊಂದುಂಟು, ಅದು ಕಷ್ಟದ್ದು. ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು, ಅಲ್ಲಿ ನಿನಗೆ ಏನು ಸಿಕ್ಕಿತಪ್ಪಾ ಎಂದು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳುವುದು. ಕೇಳಿದ ಮೇಲೆ, ಇಲ್ಲಿ ಏನಿದೆಯೆಂಬುದನ್ನು ಹೇಳುವುದು. ಹೇಳಬೇಕಾದರೆ ಹೇಳುವವನಿಗೆ ಅದು ಗೊತ್ತಿರಬೇಕಷ್ಟೆ! ಮನೆಯ ವಚನದ ಕಟ್ಟನ್ನು ಬಿಚ್ಚಿ ಓದಿದ್ದರೆ ಗೊತ್ತಿರುತ್ತದೆ. ಮಗನು ಬಿಟ್ಟುಹೋದನೆಂಬ ದುಃಖದಷ್ಟೇ, ಅವನಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲವೆಂಬ ದುಃಖವೂ ದೊಡ್ಡದು.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಕ್ರೈಸ್ತರೂ ಬಹುಕಾಲದಿಂದ ನೆರೆಯವರಾಗಿ ಬಾಳುತ್ತಿದ್ದಾರೆ. ರೋಮನ್ ಕೆಥೋಲಿಕರಿಗೆ ಚಿಕ್ಕಮಗಳೂರೇ ಧರ್ಮಪ್ರಾಂತವಾದುದು 1963ರಲ್ಲಿ. ಕಾಫಿಯ ತೋಟದ ಕೂಲಿಯವರಲ್ಲಿ, ಶಾಲೆಯ ಉಪಾಧ್ಯಾಯರಲ್ಲಿ, ಆಸ್ಪತ್ರೆಯ ದಾದಿಯರಲ್ಲಿ ಆ ಮತದವರಿದ್ದಾರೆ. ಇರುಳೆಲ್ಲ ರೋಗಿಯ ಪಕ್ಕದಲ್ಲಿ ಎದ್ದಿದ್ದ ದಾದಿಗೆ, ಇದನ್ನು ಏತಕ್ಕಾಗಿ ಮಾಡುತ್ತೀಯಮ್ಮಾ ಎಂದು ಕೇಳಿದರೆ ಅವಳು ಏನು ಹೇಳುವಳೋ ಅದೇ ಕ್ರೈಸ್ತ ಶ್ರದ್ಧೆಯ ವಿಷಯದಲ್ಲಿ ಗ್ರಂಥಗಳಿಗಿಂತ ಒಳ್ಳೆಯ ಉಪನ್ಯಾಸವಾದೀತು.

ಉತ್ತಂಗಿ ಗ್ರಾಮವು ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಊರು ಬಿಟ್ಟ ಹಿರಿಯರು ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ. ಧಾರವಾಡದಲ್ಲಿ ಹುಟ್ಟಿದ ಮಗನೂ ಆ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಬರೆದುಕೊಂಡನು. ಸರ್ವಜ್ಞನ ವಚನಗಳ ಆ ಸಂಗ್ರಹವು ಎಷ್ಟೋ ಸಲ ಮರುಮುದ್ರಣಗೊಂಡು ಶಾಲೆಯ ಪಾಠಗಳಿಗೂ ಹರಿದುಬಂದಿದೆ. ಇಂದು ಕಡೂರಿನ ಸಂತೆಯಲ್ಲಿ ತೆಂಗಿನಕಾಯಿಯ ಬೆಲೆಗೆ ಚೌಕಾಸಿ ಮಾಡುತ್ತ ಮಾತಿನ ನಡುವೆ ಸರ್ವಜ್ಞನನ್ನು ಎತ್ತಿ ಆಡುವ ರೈತನಿಗೆ, ಆ ವಚನವನ್ನು ಒಂದು ಕಾಲದಲ್ಲಿ ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಕಿವಿಗೊಟ್ಟು ಕೇಳಿ ಬರೆದುಕೊಂಡ ಪಾದ್ರಿಯ ಹೆಸರು ತಿಳಿದಿರಲಾರದು.